ಟೀಚರಮ್ಮನ ಕೀಬೋರ್ಡುಗಳು

ಟೀಚರಮ್ಮನಿಗೆ ಮನುಷ್ಯರ ಮೇಲಿದ್ದ ಹೇಸಿಗೆಯೆಲ್ಲ ಹುಟ್ಟಿದ್ದು ಕೀಬೋರ್ಡುಗಳಿಂದ. ಮನೆಯ ಹಾಲ್‌ನಲ್ಲಿ ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿಗೆ ಜನ ಬರುವುದು ನಿಂತ ಮೇಲೆ ಅವರು ಆ ಜಾಗವನ್ನು ಕಂಪ್ಯೂಟರಿನಲ್ಲಿ ಗೇಮ್ ಆಡುವವರಿಗೆ ಬಿಟ್ಟುಕೊಟ್ಟಿದ್ದರು. ಸಂಜೆಯಾದರೆ ದರ್ಜಿ, ಆಸ್ಪತ್ರೆಯ ನರ್ಸ್, ಬಸ್ ಡ್ರೈವರ್, ಇನ್ನೂ ನಾಲ್ಕಾರು ಮಂದಿ ಬಂದು ಎರಡು ಗುಂಪು ಮಾಡಿಕೊಂಡು ಟ್ಯಾಂಕುಗಳ ಯುದ್ಧ ಶುರುಮಾಡುತ್ತಿದ್ದರು. ಮನೆಯಲ್ಲಿ ಒಂಟಿಯಾಗಿದ್ದ ಟೀಚರಮ್ಮನಿಗೆ ಮಾತಿಗೆ ಸಿಗುತ್ತಿದ್ದವರು ಇವರೇ. ಆ ಮಾತೆಲ್ಲ ಬೈಗುಳವೇ ಆಗಿತ್ತು ಅನ್ನಿ.

ಬೈಯದೆ ಮತ್ತೇನು ಮಾಡಬೇಕು? ಆಟ ಮುಗಿದ ಮೇಲೆ ಕೀಬೋರ್ಡನ್ನು ತಲೆಕೆಳಗು ಮಾಡಿ ಪೇಪರಿನ ಮೇಲೆ ಬಡಿದರೆ ಉದುರುತ್ತಿದ್ದುದು ಒಂದೇ ಎರಡೇ! ಬಿಸ್ಕತ್ತಿನ ಪುಡಿ, ಕೂದಲು, ಕಚ್ಚಿ ಉಗಿದ ಉಗುರು. ಒಮ್ಮೆ ಜಿರಳೆಯ ಕಾಲು, ಬರೀ ಕಾಲು. ಉಳಿದ ಜಿರಳೆ ಎಲ್ಲಿ ಹೋಯಿತೆಂದು ಯೋಚಿಸಿ ಆವತ್ತು ಅವರಿಗೆ ಊಟವೇ ಸೇರಲಿಲ್ಲ.

"ಯಾರಪ್ಪಾ ಇಲ್ಲಿ ಉಗುರು ಬಿತ್ತನೆ ಮಾಡ್ತಿರೋದು? ಬೆಳೆ ಬಂದ್ಮೇಲೆ ಹೇಳಿ, ಕುಡುಗೋಲು ತರ್ತೀನಿ" ಎಂದರೆ ಎಲ್ಲರೂ ಡ್ರೈವರನ ಕಡೆ ನೋಡುವರು. ಡ್ರೈವರ್ ಸೂರಿನ ಕಡೆ ನೋಡುವನು.

ಆ ಹಾಲ್‌ಗೊಂದು ಪದ್ಧತಿಯಿತ್ತು. ಆಡಲು ಸೇರುವವರು ದುಡ್ಡು ಕೊಡಬೇಕಿರಲಿಲ್ಲ, ಕಂಪ್ಯೂಟರಿಗೆ ಒಂದು ಬಿಡಿಭಾಗ ತರಬೇಕಿತ್ತು. ಆಸ್ಪತ್ರೆಯವರು ಗುಜರಿಗೆ ಹಾಕಿದ ಮಾನಿಟರನ್ನು ನರ್ಸ್ ತಂದಿದ್ದಳು. ಅಳಿಯ ಬೇಡವೆಂದ ಗ್ರಾಫಿಕ್ಸ್ ಕಾರ್ಡನ್ನು ದರ್ಜಿ ತಂದಿದ್ದ. ಡ್ರೈವರನದು ಕಂಪ್ಯೂಟರನ್ನು ತಣ್ಣಗಿಡುವ ಒಂದು ಪುಟ್ಟ ಫ್ಯಾನು. ಟ್ಯಾಂಕಿನ ಆಟವಂತೂ ಬಿಟ್ಟಿಯದು. ಕಂಪ್ಯೂಟರುಗಳೆಲ್ಲ ಹಾಗೆ ಜೋಡಿಸಿದವೇ, ಕೀಬೋರ್ಡುಗಳು ಮಾತ್ರ ಟೀಚರಮ್ಮನವು.

ಒಂದು ದಿನ ಅವರ ತಮ್ಮ ಬಂದು ಇದನ್ನೆಲ್ಲ ನೋಡಿ ಮೂಗು ಮುರಿದ. "ಅಕ್ಕಾ, ಈ ಗುಜರೀನ ಆಚೆ ಹಾಕು. ಟಿವಿಗೆ ಸಿಕ್ಕಿಸಿ ಆಡೋ ಎರಡು ಗೇಮ್ ಕನ್ಸೋಲ್ ತಂದಿಡ್ತೀನಿ. ಕೀಬೋರ್ಡೇ ಇರಲ್ಲ, ಕೊಳೆ ಎಲ್ಲಿಂದ ಬರತ್ತೆ?"

ಕೊಳೆಯಿಲ್ಲ ಎಂಬ ಮಾತಿಗೆ ಟೀಚರಮ್ಮ ಮರುಳಾದರು. ಸಂಜೆ ಆಡಲು ಬಂದವರಿಗೆ, ನಿಮ್ಮ ನಿಮ್ಮ ಸಾಮಾನು ಬಿಚ್ಚಿಕೊಂಡು ಹೋಗಿ ಎಂದುಬಿಟ್ಟರು. ಇದ್ದ ಒಂದೇ ಸ್ಕ್ರೂಡ್ರೈವರನ್ನು ಕೈಯಿಂದ ಕೈಗೆ ದಾಟಿಸುತ್ತ ತಮ್ಮ ತಮ್ಮದನ್ನು ಬಿಚ್ಚಿಕೊಂಡರು. ಕೀಬೋರ್ಡುಗಳಷ್ಟೇ ಮೇಜಿನ ಮೇಲೆ ಉಳಿದವು.

ಕನ್ಸೋಲುಗಳು ಬಂದವು. ಗಂಟೆಗಿಷ್ಟು ಎಂದು ಬಾಡಿಗೆ. ಒಂದೊಂದು ಗೇಮಿಗೂ ತಮ್ಮ ಸುರಿದ ದುಡ್ಡು ಕೇಳಿ ಟೀಚರಮ್ಮನಿಗೆ ತಲೆ ಸುತ್ತಿತು. ಬರುತ್ತಿದ್ದವರೆಲ್ಲ ಗುರುತಿಲ್ಲದವರು. ಹೆಡ್‌ಫೋನ್ ಸಿಕ್ಕಿಸಿಕೊಂಡು ಆಡಿ, ಒಂದು ಮಾತಿಲ್ಲದೆ ಎದ್ದು ಹೋಗುವರು. ಆಮೇಲೆ ಅವರು ಕೈಯಲ್ಲಿ ಹಿಡಿದು ಆಡಿದ ಕಂಟ್ರೋಲರ್ ಮುಟ್ಟಿದರೆ ಅಂಟು. ಬೆವರು, ಎಣ್ಣೆ, ಗುಂಡಿಗಳ ಸಂದಿನಲ್ಲಿ ಕಿವಿಯ ಗುಗ್ಗೆಯಂಥ ಕಪ್ಪು ಕೊಳೆ. ತಲೆಕೆಳಗು ಮಾಡಿ ಬಡಿದರೂ ಏನೂ ಉದುರಲಿಲ್ಲ. ಬಿಚ್ಚಿ ತೊಳೆಯೋಣವೆಂದರೆ ಅವರ ಸ್ಕ್ರೂಡ್ರೈವರ್ ಅದಕ್ಕೆ ಕೂರಲಿಲ್ಲ.

"ಅದನ್ನ ಬಿಚ್ಚಬಾರದು ಅಕ್ಕಾ. ಹಾಳಾದ್ರೆ ಹೊಸದು ತಗೊಳ್ಳೋದೇ."

"ಥೂ! ಯಾರನ್ನ ಅಂತ ಬೈಲಿ ನಾನು? ಒಬ್ಬರ ಮುಖನೂ ಗೊತ್ತಿಲ್ಲ."

ಹಳೆಯ ಮಂದಿ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದಾರೆಂದು ಕಿವಿಗೆ ಬಿತ್ತು. ಟೀಚರಮ್ಮ ಕೀಬೋರ್ಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ತಾವೇ ಓಡಿಸಿದ ಜನ ಒಳಗೆ ಬಿಟ್ಟುಕೊಳ್ಳದಿದ್ದರೆ ಎಂಬ ಅಳುಕು ದಾರಿಯುದ್ದಕ್ಕೂ ಇತ್ತು.

ಬಟ್ಟೆಚೂರುಗಳ ನಡುವೆ ಅವೇ ಮಾನಿಟರುಗಳು, ಅವುಗಳ ಮುಂದೆ ಎಲ್ಲಿಂದಲೋ ತಂದ ಹರಕುಮುರುಕು ಕೀಬೋರ್ಡುಗಳು. ಅವರನ್ನು ಕಂಡು ಆಟ ನಿಂತಿತು.

ಟೀಚರಮ್ಮ ಕೈಗೆ ಸಿಕ್ಕ ಕೀಬೋರ್ಡೊಂದನ್ನು ಎತ್ತಿ ತಲೆಕೆಳಗು ಮಾಡಿ ಬಡಿದರು. ದಾರದ ತುಂಡು, ಕೂದಲು, ಟೀಯಲ್ಲಿ ನೆನೆದು ಒಣಗಿದ ಬಿಸ್ಕತ್ತು, ಉಗುರು.

"ಥೂ ನಿಮ್ಮ. ಹಂದಿನೂ ಇದರ ಮುಂದೆ ಕೂತ್ಕೊಳ್ಳಲ್ಲ."

ಡ್ರೈವರ್ ಸೂರಿನ ಕಡೆ ನೋಡಿದ. ನರ್ಸ್ ಸ್ಟೂಲಿನ ಮೇಲಿದ್ದ ಬಟ್ಟೆಗಂಟನ್ನು ಕೆಳಗಿಟ್ಟಳು.

"ನನ್ನ ಕೀಬೋರ್ಡ್ ತಂದಿದೀನಿ" ಎಂದರು ಟೀಚರಮ್ಮ, ಸ್ಟೂಲಿನ ಮೇಲೆ ಕೂರುತ್ತ. "ಎಲ್ಲರೂ ಮೊದಲು ಹೋಗಿ ಕೈ ತೊಳ್ಕೊಂಡು ಬನ್ನಿ."

ಒಬ್ಬೊಬ್ಬರಾಗಿ ಎದ್ದು ನಲ್ಲಿಯ ಕಡೆ ಹೋದರು.