ನಡುಕ ಬಿಡಿಸುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ತಗಡಿನ ಶೆಡ್ಡಿನೊಳಗೆ ಒಂದು ಕೆಂಪು ಕಾರು ನಿಂತಲ್ಲೇ ಗಡಗಡ ನಡುಗುತ್ತಿದೆ. ಡ್ರೈವರ್ ಸೀಟಿನಲ್ಲಿ ಕೂತ ಐವತ್ತೆರಡರ ಹೆಂಗಸು ಸ್ಟೇರಿಂಗ್ ಹಿಡಿದಿಲ್ಲ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಅದರ ಮೇಲೆ ಬರೀ ಅಂಗೈ ಇಟ್ಟು ಕಣ್ಣು ಮುಚ್ಚಿದ್ದಾರೆ. ಆಮೇಲೆ ಆ ಕೈ ಗೇರಿನ ಗುಂಡಿಗೆ ಹೋಗುತ್ತದೆ, ಅಲ್ಲಿಂದ ಸೀಟಿನ ಅಡಿಗೆ, ಅಲ್ಲಿಂದ ಬಾಗಿಲಿಗೆ. ಬ್ರೇಕ್ ತುಳಿದು ಕ್ಲಚ್ ಸ್ವಲ್ಪವೇ ಬಿಡುತ್ತಾರೆ. ನಡುಕದ ಜಾಗ ಬದಲಾಗುತ್ತದೆ. ಅವರು ಎಂಜಿನ್ ಆರಿಸಿ ಇಳಿಯುತ್ತಾರೆ.

"ಸಿಸ್ಟರಮ್ಮ, ಇದಕ್ಕಿರೋದು ಒಂದು ಕಾಯಿಲೆ ಅಲ್ಲ, ಮೂರು. ಒಂದನ್ನ ನಿಮ್ಮ ಕಡೆಯವರೇ ತಂದಿಟ್ಟಿದ್ದಾರೆ, ಒಂದನ್ನ ರಿಪೇರಿ ಮಾಡ್ದೋರು. ಇನ್ನೊಂದು ಮಾತ್ರ ವಯಸ್ಸಿಂದು."

ಈ ಭಾಗದ ಗ್ಯಾರೇಜುಗಳಲ್ಲಿ ಇವರನ್ನು ಎಲ್ಲರೂ ಕರೆಯುವುದು ನಡುಕದಕ್ಕ ಎಂದೇ.

ಬೆರಳು ಮಡಚುತ್ತ, ಬಿಚ್ಚುತ್ತ ಪಕ್ಕದಲ್ಲಿ ನಿಂತವರು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್. ದಿನಕ್ಕೆ ಒಂಬತ್ತು ಮನೆ, ಎಪ್ಪತ್ತು ಕಿಲೋಮೀಟರ್. ಕಾರಿಗೆ ಹದಿನಾಲ್ಕು ವರ್ಷ. ನೋಡಲು ಗೇಣುದ್ದ, ಎಂಜಿನ್ ಮಾತ್ರ ಓಟದ ಕುದುರೆಯದು. ವೇಗದ ಹುಚ್ಚಿದ್ದ ತಮ್ಮ ಕೊಂಡ ಕಾರು; ಅವನಿಗೆ ಅವಳಿ ಮಕ್ಕಳಾದ ಮೇಲೆ ಅಕ್ಕನ ಪಾಲಿಗೆ ಬಂತು. ಸಿಗ್ನಲ್ಲಿನಲ್ಲಿ ನಿಂತರೆ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣುತ್ತದೆ. ಐದನೇ ಮನೆ ತಲುಪುವಷ್ಟರಲ್ಲಿ ಬೆರಳ ತುದಿ ಜೋಮು ಹಿಡಿದಿರುತ್ತದೆ.

"ವಯಸ್ಸಾದೋರ ನರ ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗಬೇಕು," ಎನ್ನುತ್ತಾರೆ ನರ್ಸ್. "ಹೋದ ತಿಂಗಳು ಒಬ್ಬ ಅಜ್ಜಿಗೆ ನಾಲ್ಕು ಸಲ ಚುಚ್ಚಿದೆ. ಅವರು ಬೈಲಿಲ್ಲ. ‘ಇರಲಿ ಬಿಡು ಮಗಳೇ’ ಅಂದ್ರು. ಬೈದಿದ್ರೇ ಚೆನ್ನಾಗಿತ್ತು."

ಇಲ್ಲಿಗೆ ಬರುವ ಮುನ್ನ ಅವರು ಗಾಜಿನ ಗೋಡೆಯ ದೊಡ್ಡ ಸರ್ವಿಸ್ ಸೆಂಟರಿಗೆ ಮೂರು ಸಲ ಹೋಗಿದ್ದಾರೆ. ಮೊದಲ ಸಲ ಪೆಟ್ರೋಲ್ ಸರಿಯಿಲ್ಲ ಎಂದರು. ಎರಡನೇ ಸಲ ಏನೋ ಒಂದು ಹೊಸದು ಹಾಕಿದರು. ನಡುಕ ಇನ್ನೂ ಜಾಸ್ತಿಯಾಯಿತು. ಮೂರನೇ ಸಲ ಮ್ಯಾನೇಜರ್ ಬಾನೆಟ್ ಎತ್ತುವ ಗೋಜಿಗೂ ಹೋಗಲಿಲ್ಲ. "ಹಳೇ ಗಾಡಿ ಅಂದ್ಮೇಲೆ ಇಷ್ಟೇ ಮೇಡಂ. ಬೇಕಾದ್ರೆ ಒಂದ್ಸಲ ನಿಮ್ಮ ಕೈನ ಡಾಕ್ಟರಿಗೆ ತೋರ್ಸಿ," ಎಂದು ಹೊಸ ಕಾರುಗಳ ಚಿತ್ರದ ಪುಸ್ತಕವೊಂದನ್ನು ಆ ಕೈಗೇ ಕೊಟ್ಟ. ಕಾಗದದ ಮೇಲೆ ಬರೆದದ್ದು ಹೀಗೆ: ವಾಹನದ ವಯೋಸಹಜ ನಡುಕ. ದೋಷವಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲದ ಸುದ್ದಿಯೇ ಇಲ್ಲ; ನೋಡಲು ಬಂದವರ ಕಾಲೇ ಡೊಂಕು ಎಂದು ಷರಾ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ!

ನಡುಕದಕ್ಕ ಆ ಕಾಗದವನ್ನು ಓದಿ ವಾಪಸು ಕೊಡುತ್ತಾರೆ. ರಟ್ಟು ಹಾಸಿ, ಬೆನ್ನ ಮೇಲೆ ಮಲಗಿ ಕಾರಿನಡಿಗೆ ಜಾರುತ್ತಾರೆ. ಮಾತು ಕೆಳಗಿನಿಂದಲೇ ಕೇಳಿಸುತ್ತದೆ. "ಎಂಜಿನ್ನು ಮೂರು ರಬ್ಬರ್ ಕುರ್ಚಿ ಮೇಲೆ ಕೂತಿರುತ್ತೆ. ಮೌಂಟು ಅಂತಾರೆ. ಎಂಜಿನ್ ಎಷ್ಟೇ ಕುಣಿದ್ರೂ ಆ ಕುಣಿತ ರಬ್ಬರಲ್ಲೇ ಕರಗಬೇಕು, ನಮ್ಮ ಮೈಗೆ ಬರಬಾರದು. ನಿಮ್ಮ ತಮ್ಮ ಕೆಳಗಿಂದನ್ನ ಕಿತ್ತು ಕಲ್ಲಿನಂಥ ಗಟ್ಟಿ ತುಂಡು ಹಾಕ್ಸಿದ್ದಾನೆ. ರೇಸಿನೋರು ಹಾಕ್ಕೋತಾರೆ. ಅವರೇನು, ಸಿಗ್ನಲ್ಲಲ್ಲಿ ನಿಲ್ಲಬೇಕಾ?"

ಎರಡನೆಯದು ಸರ್ವಿಸ್ ಸೆಂಟರಿನ ಕೊಡುಗೆ. ಮೇಲಿನ ಮೌಂಟನ್ನು ಹೊಸದು ಹಾಕಿದ್ದಾರೆ, ಆದರೆ ಎಂಜಿನ್ ಓರೆಯಾಗಿ ನೇತಾಡುತ್ತಿದ್ದಾಗಲೇ ರಬ್ಬರನ್ನು ತಿರುಚಿ ಬಿಗಿದುಬಿಟ್ಟಿದ್ದಾರೆ. "ಹೊಸ ಚಪ್ಪಲಿ ಕೊಡ್ಸಿ, ಎಡದ್ದನ್ನ ಬಲಗಾಲಿಗೆ ಹಾಕಿ ನಡಿ ಅಂದಂಗಿದೆ." ಮೂರನೆಯದು ಸೈಲೆನ್ಸರ್ ಪೈಪನ್ನು ತೂಗಿಹಾಕುವ ರಬ್ಬರ್, ಜಗ್ಗಿ ಜೋತುಬಿದ್ದು ಪೈಪು ಕಾರಿನ ತಳಕ್ಕೆ ತಾಗುತ್ತಿದೆ.

ಬೆಳಗಾದ ಮೇಲೆ ನರ್ಸ್ ಸೆಂಟರಿಗೆ ಫೋನ್ ಮಾಡಿ ಕೇಳಿದರೆ, ಕಂಪನಿಯ ಕೆಳಗಿನ ಮೌಂಟು ಈಗ ಬರುವುದೇ ಇಲ್ಲ ಎನ್ನುತ್ತಾರೆ. ನಡುಕದಕ್ಕ ಬಿಡಿಭಾಗದ ಅಂಗಡಿಗೆ ಒಂದು ಫೋನ್ ಮಾಡುತ್ತಾರೆ, ಮೌಂಟಿನ ನಂಬರನ್ನು ಬಾಯಿಪಾಠ ಒಪ್ಪಿಸುತ್ತಾರೆ. ಎರಡನೇ ದಿನ ಬರುತ್ತದೆ. ಮೂರನೇ ದಿನದ ನಸುಕಿಗೆ ಕೆಲಸ ಶುರು.

ನೋಡಬೇಕಾದ್ದು ಕೊನೆಯ ಕಾಲು ಗಂಟೆ. ಎಲ್ಲ ಹಾಕಿಯಾದ ಮೇಲೆ ಅವರು ಮೌಂಟುಗಳ ಬೋಲ್ಟನ್ನು ಬಿಗಿಯುವುದಿಲ್ಲ. ಒಂದೆರಡು ಸುತ್ತು ಸಡಿಲ ಬಿಡುತ್ತಾರೆ. ಜಾಕಿನಿಂದ ಇಳಿಸಿ, ಕಾರನ್ನು ತೊಟ್ಟಿಲಿನಂತೆ ಹಿಂದೆಮುಂದೆ ತೂಗಿ, ಎಂಜಿನನ್ನು ಒಂದು ನಿಮಿಷ ಓಡಿಸಿ ಆರಿಸುತ್ತಾರೆ. ಆಮೇಲೆ, ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಸ್ಪ್ಯಾನರ್ ಕೈಗೆ ಬರುತ್ತದೆ. "ಅದಕ್ಕೆ ಎಲ್ಲಿ ಸುಖಾನೋ ಅಲ್ಲಿ ಮೊದಲು ಕೂರ್ಲಿ. ಕಟ್ಟಿಹಾಕಿ ಆಮೇಲೆ ಆರಾಮಾಗಿ ಕೂತ್ಕೋ ಅಂದ್ರೆ ಯಾರು ಕೂರ್ತಾರೆ?" ಎನ್ನುತ್ತಾರೆ. ನರ್ಸ್‌ಗೆ ಸುಳ್ಳು ಭರವಸೆಯನ್ನೂ ಕೊಡುವುದಿಲ್ಲ. "ಪೂರ್ತಿ ಹೋಗಲ್ಲ ಸಿಸ್ಟರಮ್ಮ. ಜೋರು ಎಂಜಿನ್ನು, ಚೂರು ಮಿಡಿತ ಇದ್ದೇ ಇರುತ್ತೆ. ಕೈ ಜೋಮು ಹಿಡಿಯಲ್ಲ, ಅಷ್ಟು ಹೇಳ್ತೀನಿ."

ಈ ವಿದ್ಯೆ ಬಂದದ್ದು ತಾಯಿಯ ಹಿಟ್ಟಿನ ಗಿರಣಿಯಿಂದ. "ಬೆಲ್ಟು ಸಡಿಲಾದ್ರೆ ಅಮ್ಮನ ಅಂಗಾಲಿಗೆ ಮೊದಲು ತಿಳೀತಿತ್ತು. ‘ಬರಿಗಾಲಲ್ಲಿ ನಿಂತ್ಕೊ, ಗಿರಣಿ ತಾನೇ ಹೇಳುತ್ತೆ’ ಅನ್ನೋರು." ಗಿರಣಿ ಮುಚ್ಚಿದಾಗ ಮಗಳಿಗೆ ಇಪ್ಪತ್ತಮೂರು. ಕೆಲಸ ಸಿಕ್ಕಿದ್ದು ಇದೇ ಸರ್ವಿಸ್ ಸೆಂಟರಿನಲ್ಲಿ, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವುದಕ್ಕೆ. ಯಾರಿಗೂ ಬಗೆಹರಿಯದ ನಡುಕದ ಕಾರು ಬಂದರೆ ಮೆಕ್ಯಾನಿಕ್ಕುಗಳು ಗ್ರಾಹಕರ ಕಣ್ಣು ತಪ್ಪಿಸಿ ಇವರನ್ನು ಕರೆಯುತ್ತಿದ್ದರು. ಇವರು ಮುಟ್ಟಿ ಹೇಳುತ್ತಿದ್ದರು, ಅವರು ಬಿಗಿಯುತ್ತಿದ್ದರು, ಬಡ್ತಿಯೂ ಅವರಿಗೇ ಸಿಗುತ್ತಿತ್ತು. ಹೀಗೆ ಹದಿನೆಂಟು ವರ್ಷ! ಮೆಕ್ಯಾನಿಕ್ ಹುದ್ದೆಗೆ ಇವರು ಮೂರು ಸಲ ಅರ್ಜಿ ಹಾಕಿದರು. ಮೂರು ಸಲವೂ ಬಂದದ್ದು ಒಂದೇ ಉತ್ತರ: ಹೆಂಗಸು ಸ್ಪ್ಯಾನರ್ ಹಿಡಿದರೆ ಗ್ರಾಹಕರು ಒಪ್ಪುವುದಿಲ್ಲ.

ಒಪ್ಪದ ಗ್ರಾಹಕರು ಯಾರು? ಅವರಲ್ಲಿ ಒಬ್ಬರನ್ನಾದರೂ ಕೇಳಿದ್ದರೇ?

ಹನ್ನೊಂದು ವರ್ಷದ ಹಿಂದೆ ಕೆಲಸ ಬಿಟ್ಟು ಈ ಶೆಡ್ಡು ಹಿಡಿದರು. ದಿನಕ್ಕೆ ಐದು ಕಾರು. ಅದರಲ್ಲಿ ಮೂರು, ಬೇರೆ ಕಡೆ ಒಮ್ಮೆ "ಸರಿಯಾಗಿ" ಬಂದವು. ತಿಂಗಳಿಗೆ ಎರಡೋ ಮೂರೋ ಕಾರು ಅದೇ ಸೆಂಟರಿನಿಂದ ಹಿಂದಿನ ಗಲ್ಲಿ ಹಿಡಿದು ಬರುತ್ತವೆ, ಇವರ ಕೈಯಲ್ಲಿ ಸರಿಹೋಗಿ ಸೆಂಟರಿನ ಮುಂದಿನ ಬಾಗಿಲಿನಿಂದ ಗ್ರಾಹಕರಿಗೆ ತಲುಪುತ್ತವೆ. ಅಲ್ಲಿನ ಗೋಡೆಯ ಮೇಲೆ "ನಮ್ಮ ತಜ್ಞರ ತಂಡ"ಕ್ಕೆ ಬಂದ ಮೆಚ್ಚುಗೆಯ ಪತ್ರಗಳು ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿವೆ. ಆ ಕಾರುಗಳನ್ನು ಯಾಕೆ ಮುಟ್ಟುತ್ತೀರಿ ಎಂದರೆ ನಡುಕದಕ್ಕ ಕೇಳುವವರನ್ನೇ ಗದರುತ್ತಾರೆ. "ಗಾಡಿ ಏನ್ರೀ ತಪ್ಪು ಮಾಡಿದೆ?"

ಶಾಲಾ ಬಸ್ಸು ಓಡಿಸುವ ಗಂಡನಿಗೆ ಮಾತ್ರ ಒಂದು ದೂರಿದೆ. "ಊಟಕ್ಕೆ ಕೂತ್ರೂ ಒಂದು ಕೈ ಫ್ರಿಡ್ಜಿನ ಮೇಲೇ. ನನ್ನ ನಾಡಿ ಒಂದಿನ ಹಿಡಿದು ನೋಡಿಲ್ಲ."

ವಾರ ಕಳೆದ ಮೇಲೆ ನರ್ಸ್ ಮತ್ತೆ ಬಂದರು. ಕಾರಿನಿಂದ ಇಳಿಯುವ ಮೊದಲೇ ಕಿಟಕಿಯಿಂದ ಕೂಗಿದರು: "ಅಕ್ಕಾ, ಆ ಅಜ್ಜಿಗೆ ಇವತ್ತು ಒಂದೇ ಸಲಕ್ಕೆ!" ನಡುಕದಕ್ಕ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ನರ್ಸ್ ಸರ್ವಿಸ್ ಸೆಂಟರಿಗೂ ಹೋಗಿ ಬಂದಿದ್ದರು. ಮ್ಯಾನೇಜರನನ್ನು ಕಾರಿನಲ್ಲಿ ಕೂರಿಸಿ ಎಂಜಿನ್ ಚಾಲೂ ಮಾಡಿದರೆ ಅವನ ಮುಖ ಅರಳಿತಂತೆ. "ನೋಡಿದ್ರಾ ಮೇಡಂ, ನಾವು ಹಾಕಿದ ಮೌಂಟು ಈಗ ಸೆಟ್ ಆಗಿದೆ!" ನಾಚಿಕೆ ಎಂಬುದು ಆ ಗಾಜಿನ ಬಾಗಿಲನ್ನು ಎಂದಾದರೂ ದಾಟಿದೆಯೇ? ದೋಷವಿಲ್ಲ ಎಂದು ಬರೆದದ್ದನ್ನು ತಿದ್ದಿಕೊಡಿ ಎಂದರೆ ಕಂಪ್ಯೂಟರಿನಲ್ಲಿ ಆಗುವುದಿಲ್ಲ ಎಂದ. ನರ್ಸ್ ಸಮವಸ್ತ್ರದಲ್ಲೇ ಅಲ್ಲಿನ ಮೆತ್ತನೆಯ ಸೋಫಾದ ಮೇಲೆ ಕೂತು, ಬಂದಬಂದ ಗ್ರಾಹಕರಿಗೆಲ್ಲ ನಡೆದದ್ದನ್ನು ಮೊದಲಿನಿಂದ ಹೇಳತೊಡಗಿದರು. ಒಂದೂವರೆ ಗಂಟೆಯಲ್ಲಿ ಹನ್ನೊಂದು ಜನ ಕೇಳಿದರು. ಹನ್ನೆರಡನೆಯವರು ಒಳಗೆ ಬರುವಾಗ ಕಂಪ್ಯೂಟರ್ ಒಪ್ಪಿಕೊಂಡಿತು.

ಹೊಸ ಕಾಗದದಲ್ಲಿ ಹೀಗಿದೆ: ಮೇಲಿನ ಮೌಂಟು ತಪ್ಪಾಗಿ ಬಿಗಿಯಲ್ಪಟ್ಟಿತ್ತು. ಹೊರಗಡೆ ಸರಿಪಡಿಸಲಾಗಿದೆ. ಹದಿನೆಂಟು ವರ್ಷ ಒಳಗಡೆ ದುಡಿದವರ ಪಾಲಿಗೆ ಸಿಕ್ಕಿದ್ದು "ಹೊರಗಡೆ" ಎಂಬ ಒಂದು ಪದ. ನಡುಕದಕ್ಕ ಅದನ್ನು ಎರಡು ಸಲ ಓದಿ ನಕ್ಕರು. "ತಪ್ಪಾಗಿ ಬಿಗಿದ್ವಿ ಅಂತಾದ್ರೂ ಬರೆದ್ರಲ್ಲ. ಮುಂದಿನ ಗಾಡಿಗೆ ನೋಡ್ಕೊಂಡು ಬಿಗೀತಾರೆ."

ನಿಮಗೆ ಏನು ಬೇಕು ಎಂದು ಕೇಳಿದರೆ ಸೆಂಟರಿನ ದಿನಗಳ ಮಾತು ತೆಗೆಯುತ್ತಾರೆ. ಕಾರು ಎತ್ತುವ ಲಿಫ್ಟು ಸೆಂಟರಿನಲ್ಲಿ ಆರು ಇದ್ದವಂತೆ. ಅದರ ಕೆಳಗೆ ನಿಲ್ಲಲು ಮೆಕ್ಯಾನಿಕ್ಕುಗಳಿಗೆ ಮಾತ್ರ ಅನುಮತಿ. ಮುಟ್ಟಿ ಹೇಳಲು ಕರೆದಾಗಲೂ ಇವರನ್ನು ಕರೆದದ್ದು ಕಾರು ನೆಲಕ್ಕಿಳಿದ ಮೇಲೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಇವರು ಕಂಡ ಕಾರಿನ ತಳವೆಲ್ಲ ಮೂಗಿನಿಂದ ಒಂದು ಗೇಣು ದೂರದ್ದು.

"ಒಂದೇ ಒಂದು ಸಲ ನಿಂತ್ಕೊಂಡು ಕೆಲಸ ಮಾಡಬೇಕು ಕಣ್ರೀ," ಎನ್ನುತ್ತಾರೆ, ರಟ್ಟನ್ನು ಮುಂದಿನ ಕಾರಿನಡಿಗೆ ಎಳೆಯುತ್ತ. "ಒಂದು ಇಡೀ ಗಾಡಿನ ದೂರದಿಂದ, ತಲೆ ಎತ್ತಿ ನೋಡಬೇಕು."