ತಾಂಬೂಲದೊಳಗಿನ ಹಸಿರು ಪೊಟ್ಟಣ

ನಮ್ಮ ರಸಾಯನಶಾಸ್ತ್ರದ ಮೇಡಂ ಅವರ ಬೆರಳ ತುದಿಗಳಿಗೆ ಕೊನೆಯವರೆಗೂ ಗಿಳಿಹಸಿರು ಬಣ್ಣ ಮೆತ್ತಿಕೊಂಡೇ ಇತ್ತು. ದುರ್ಗಿಗುಡಿಯ ತರಕಾರಿಯವಳು "ಈ ವಯಸ್ಸಲ್ಲೂ ಹೋಳಿನಾ ಮೇಡಂ?" ಎಂದರೆ, "ನಮ್ಗೆ ವರ್ಷವಿಡೀ ಹೋಳಿ ಕಣಮ್ಮ" ಎನ್ನುತ್ತಿದ್ದರು.

ನಿವೃತ್ತಿಯ ಬಳಿಕ ಅವರು ಸೋಗಾನೆಯ ಆಚೆ, ಕೆರೆಯೊಂದರ ದಂಡೆಯಲ್ಲಿ ಮನೆ ಕಟ್ಟಿಸಿದರು. ಅಕ್ಕಪಕ್ಕದಲ್ಲಿ ವಾರಾಂತ್ಯದ ಮನೆಗಳು, ಕಾಟೇಜುಗಳು ಎದ್ದವು. ನೋಡನೋಡುತ್ತಲೇ ನೀರು ಪಾಚಿಗಟ್ಟಿ, ಊರ ದನಗಳು ಮೂತಿ ತಿರುಗಿಸತೊಡಗಿದವು. ಮನೆಮಾಲೀಕರ ಸಭೆಯಲ್ಲಿ ಭದ್ರಾವತಿ ಓಲ್ಡ್ ಟೌನಿನ ಜವಳಿ ವ್ಯಾಪಾರಿಯೊಬ್ಬರು, "ನಾವು ವಾರಕ್ಕೊಂದ್ಸಲ ಬರೋರು, ನಮ್ಮಿಂದ ಏನ್ ಕೆಡುತ್ತೆ? ದನ ತೊಳೆಯೋ ಊರಿನವ್ರನ್ನ ಕೇಳಿ" ಎಂದರು.

"ಕೇಳೋಣ. ಮೊದ್ಲು ನಮ್ಮನೆ ಕಕ್ಕಸನ್ನ ಕೇಳ್ತೀನಿ, ಬನ್ನಿ."

ಎಲ್ಲರೆದುರೇ ಮೇಡಂ ಬಣ್ಣದ ಪುಡಿ ಕದಡಿ ಕಕ್ಕಸಿಗೆ ಸುರಿದರು. ಮೀನಿಗೂ ದನಕ್ಕೂ ಅಪಾಯವಿಲ್ಲದ, ಎಲ್ಲಿ ಹೊರಬಂದರೂ ಕಣ್ಣಿಗೆ ರಾಚುವ ಬಣ್ಣ. ಮುಂದಿನ ಭಾನುವಾರ ಅವರ ಮನೆಯೆದುರಿನ ನೀರು ಗಿಳಿಹಸಿರಾಗಿ ಹೊಳೆಯುತ್ತಿತ್ತು. "ನೋಡ್ರೀ, ಕಳ್ಳಿ ಸಿಕ್ಕಿಬಿದ್ಲು!" ಎಂದು ತಾವೇ ಚಪ್ಪಾಳೆ ತಟ್ಟಿದರು.

ಕೆರೆಗೆ ಸೋರುತ್ತಿದ್ದ ಕಕ್ಕಸುಗುಂಡಿಯನ್ನು ಮುಚ್ಚಿಸಿ, ರಸ್ತೆಬದಿಗೆ ತಳಕ್ಕೂ ಸಿಮೆಂಟು ಹಾಕಿದ ಟ್ಯಾಂಕ್ ಕಟ್ಟಿಸಿದರು. ಬಳಿಕ ಮನೆಮನೆಗೆ ಕುಂಕುಮದ ಬಟ್ಟಲು ಹಿಡಿದು ಹೋದರು: "ಗೃಹಪ್ರವೇಶಕ್ಕೆ ಹೋಳಿಗೆ ಉಂಡವ್ರು ಗುಂಡಿಪ್ರವೇಶಕ್ಕೂ ಬರ್ಲೇಬೇಕು." ಎಲ್ಲರೂ ನಗುತ್ತಲೇ ಬಂದು ಉಂಡರು. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಅದೇ ಪುಡಿಯ ಪೊಟ್ಟಣವಿತ್ತು.

"ತಾಂಬೂಲದಲ್ಲಿ ಬಾಂಬ್ ಇಟ್ಟಿದೀರಲ್ಲ ಮೇಡಂ!" ಎಂದರು ವ್ಯಾಪಾರಿ.

"ನಿಮ್ಮ ಗುಂಡಿ ಸರಿಯಿದ್ರೆ ಅದು ಬರೀ ಪುಡಿ ಕಣ್ರೀ."

ಒಂದೊಂದೇ ಮನೆಯೆದುರು ಕೆರೆ ಹಸಿರಾಯಿತು. ಒಂದೊಂದೇ ಗುಂಡಿ ದಂಡೆ ಬಿಟ್ಟು ದೂರ ಸರಿಯಿತು. ವ್ಯಾಪಾರಿ ಮಾತ್ರ ಪೊಟ್ಟಣ ಬಿಚ್ಚಲಿಲ್ಲ. ನೀರಿನಂಚಿನಲ್ಲಿ ಗುಂಡಿ ತೋಡಲು ಪರವಾನಗಿ ಕೊಟ್ಟವರಾರು ಎಂದು ಅವರ ಹಳೆಯ ವಿದ್ಯಾರ್ಥಿನಿಯಾದ ನಾನು ಕಚೇರಿಗಳಲ್ಲಿ ಗುಡುಗಿ ಬಂದಾಗಲೆಲ್ಲ ಮೇಡಂ ಹೇಳುತ್ತಿದ್ದರು: "ಕೇಳು ಮಾರಾಯ್ತಿ, ಜೋರಾಗೇ ಕೇಳು. ಆದ್ರೆ ನಿನ್ನ ಕೈಗೂ ಬಣ್ಣ ಹತ್ತಿರ್ಲಿ."

ಕಳೆದ ವರ್ಷ ಮೇಡಂ ತೀರಿಕೊಂಡರು. ಅವರ ವೈಕುಂಠ ಸಮಾರಾಧನೆಯಂದು ಆ ವ್ಯಾಪಾರಿ ಫೋಟೋದ ಮುಂದೆ ಕೈಮುಗಿದು ನಿಂತಿದ್ದರು. ಬೆರಳ ತುದಿಗಳು ಗಿಳಿಹಸಿರು!

"ನಮ್ದೂ ಸೋರ್ತಿದೆ ಕಣಮ್ಮ" ಎಂದರು ನನ್ನತ್ತ ತಿರುಗಿ, ಮೆಲ್ಲಗೆ. "ಹೊಸ ಟ್ಯಾಂಕ್ ಆದ್ಮೇಲೆ ಊಟ ಹಾಕಿಸ್ತೀನಿ. ತಾಂಬೂಲಕ್ಕೆ ಪುಡಿ ನೀನೇ ತರ್ಬೇಕು."

ನಾಳೆ ಆ ಊಟ. ಪೊಟ್ಟಣಗಳನ್ನು ಕಟ್ಟಿ ನನ್ನ ಬೆರಳುಗಳೂ ಹಸಿರಾಗಿವೆ. ಪರವಾನಗಿ ಕೊಟ್ಟ ಕಚೇರಿಯ ಸಾಹೇಬರಿಗೂ ಕುಂಕುಮವಿಟ್ಟೇ ಕರೆದು ಬಂದಿದ್ದೇನೆ.