ಹಿಟ್ಟಿನ ಮಿಲ್ಲಿನಲ್ಲಿ ಹೇಳಿದ ಕತೆ

ಚಿಕ್ಕರಸಿನಕೆರೆಯಿಂದ ಸ್ವಲ್ಪ ಒಳಗೆ, ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲೇ ನಮ್ಮ ಹಿಟ್ಟಿನ ಮಿಲ್ಲು. ನಾನು ಮಿಷನ್ ನೋಡಿಕೊಳ್ಳುತ್ತೇನೆ, ನನ್ನ ಹೆಂಡತಿ ತೂಕ ಹಾಕುತ್ತಾಳೆ. ಊರಿನಲ್ಲಿ ಕ್ರೈಸ್ತರೆಂದರೆ ನಮ್ಮದೊಂದೇ ಮನೆ. ಭಾನುವಾರ ಮದ್ದೂರಿಗೆ ಹೋಗಿ ಆರಾಧನೆ ಮುಗಿಸಿ ಬಂದರೆ ನನ್ನ ಭಕ್ತಿ ಅಲ್ಲಿಗಾಯಿತು. ಮಳವಳ್ಳಿ ಕಡೆಯಿಂದ ಬಂದ ಅವಳು ಹಾಗಲ್ಲ. ಯೇಸುವಿನ ವಿಷಯ ಯಾರಿಗಾದರೂ ಹೇಳದಿದ್ದರೆ ಅವಳಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಮಿಷನ್ ಓಡುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಹಾಗಾಗಿ ಅವಳ ಮಾತೆಲ್ಲ ಕರೆಂಟು ಹೋದಾಗಲೇ. ರಾಗಿ ಬಿಟ್ಟು ಮನೆಗೆ ಹೋಗಲಾರದೆ ಹೆಂಗಸರು ಮುಂದಿನ ಕಟ್ಟೆಯ ಮೇಲೆ ಕೂರುತ್ತಾರೆ. ಮೊದಲು ಡೈರಿ ಹಾಲಿನ ವಿಷಯ, ಯಾರದೋ ಬಾಣಂತನ, ಆಮೇಲೆ ಇವಳ ಕತೆ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳು ಇಬ್ಬರು ಮಕ್ಕಳ ತಂದೆಯ ಕತೆ ಶುರು ಮಾಡಿದಳು. ಚಿಕ್ಕವನು ಅಪ್ಪನ ಹತ್ತಿರ ಭಾಗ ಕೇಳಿದ ಅನ್ನುವಷ್ಟರಲ್ಲೇ ಕಟ್ಟೆಯ ತುದಿಯಲ್ಲಿದ್ದ ಅಜ್ಜಿ ತಡೆದಳು. ಕಬ್ಬಿನ ಗದ್ದೆ ಇರುವ ಮನೆಯವಳು, ಇಬ್ಬರು ಗಂಡುಮಕ್ಕಳ ತಾಯಿ.

"ಅಪ್ಪ ಬದ್ಕಿರುವಾಗ್ಲೇ ಕೇಳುದ್ನಾ?"

"ಹೂಂ ಅಜ್ಜಿ."

"ಕೊಟ್ಟುಬುಟ್ನಾ?"

"ಕೊಟ್ಟ."

"ಅಲ್ಲೇ ಕೆಡಿಸ್ದ, ಬುಡು," ಎಂದಳು ಅಜ್ಜಿ. ಆದರೂ ಎದ್ದು ಹೋಗಲಿಲ್ಲ. ಚಿಕ್ಕವನು ಎಲ್ಲ ಕಳೆದುಕೊಂಡು ಹಂದಿ ಕಾದದ್ದು, ಮರಳಿ ಬಂದದ್ದು, ಅಪ್ಪ ಓಡಿಹೋಗಿ ತಬ್ಬಿಕೊಂಡದ್ದು, ಎಲ್ಲ ಕೇಳಿದಳು. ಬೈಬಲಿನಲ್ಲಿ ಅಪ್ಪ ಕೊಬ್ಬಿದ ಕರು ಕಡಿಸುತ್ತಾನೆ. ನನ್ನ ಹೆಂಡತಿ ಊರಿಗೆ ತಕ್ಕ ಹಾಗೆ, "ಬಾಡೂಟ ಹಾಕಿಸ್ದ, ದೊಡ್ಡ ಮಗ ಸಿಟ್ಟು ಮಾಡ್ಕೊಂಡು ಹೊರಗೇ ನಿಂತ," ಎಂದಳು.

ಅಜ್ಜಿಗೆ ಸಿಟ್ಟು ಬಂತು. "ಕಳ್ದೋನ್ಗೆ ಬಾಡೂಟ, ಗೇಯ್ದೋನ್ಗೆ ಏನು? ನಿನ್ ಯೇಸು ಒಂದಿನಾನೂ ಮನೆ ನಡ್ಸಿಲ್ಲ ಕಣಮ್ಮ."

ಅಷ್ಟರಲ್ಲಿ ಕರೆಂಟು ಬಂತು. ನಾನು ಮಿಷನ್ ಹಾಕಿದೆ.

ಅಜ್ಜಿಯ ಸಿಟ್ಟಿನ ಕಾರಣ ಊರಿಗೆಲ್ಲ ಗೊತ್ತಿತ್ತು. ಅವಳ ಕಿರಿಯ ಮಗ ಭಾಗ ತೆಗೆದುಕೊಂಡು, ರಸ್ತೆ ಬದಿಯ ಗದ್ದೆ ಮಾರಿ, ಮಂಡ್ಯದಲ್ಲಿ ಅಂಗಡಿ ಇಟ್ಟು ಕೈ ಸುಟ್ಟುಕೊಂಡಿದ್ದ. ಅವನ ಹೆಸರು ಎತ್ತಿದರೆ ದೊಡ್ಡವನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದ.

ಕೆಲವು ದಿನ ಬಿಟ್ಟು ಅಜ್ಜಿ ಬಂದಳು. ಕೈಯಲ್ಲಿ ರಾಗಿ ಇರಲಿಲ್ಲ.

"ಆ ಕತೇಲಿ ದೊಡ್ಡ ಮಗ ಕಡೀಕೆ ಒಳಕ್ಕೋದ್ನಾ, ಈಚೇಲೇ ನಿಂತ್ಕಂಡ್ನಾ?"

"ಯೇಸು ಅದನ್ನ ಹೇಳಿಲ್ಲ ಅಜ್ಜಿ. ಅಪ್ಪ ಬಂದು ಕರೆದ ಅಂತ ಮಾತ್ರ ಹೇಳಿದ್ರು."

"ಯೋಳಿಲ್ವಾ! ಅದೆಂಥ ಕತೆಯವ್ವ," ಎಂದು ಹೊರಟುಹೋದಳು.

ಮಾರನೆಯ ದಿನ ಬಂದವನು ಅಜ್ಜಿಯ ದೊಡ್ಡ ಮಗನೇ. ಬೈಕು ನಿಲ್ಲಿಸಿ ನೇರವಾಗಿ ಒಳಗೆ ಬಂದ. ನಾನು ಮಿಷನ್ ಆಫ್ ಮಾಡಿದೆ. ಕಾಯುತ್ತಿದ್ದ ಹೆಂಗಸರು ಕಟ್ಟೆಯಿಂದ ಎದ್ದು ನಿಂತರು.

"ನಮ್ಮವ್ವನ ತಲೆಗೆ ಏನ್ ತುಂಬ್ತಿದ್ದೀರಿ? ರಾತ್ರಿ ಎಲ್ಲ ಅವನ್ನ ಕರ್ಕಂಡು ಬಾ ಅಂತಾಳೆ. ನಿಮ್ ಧರ್ಮ ನಿಮ್ ಮನೇಲಿಟ್ಕಳಿ. ಇಲ್ಲಾಂದ್ರೆ ಸ್ಟೇಷನ್‌ಗೆ ಹೋಗ್ಬೇಕಾಯ್ತದೆ."

ನನಗೆ ಹೆದರಿಕೆಯಾಯಿತು. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿಯೇ ಮಾತಾಡಿದಳು.

"ಅಣ್ಣ, ಆ ಕತೇಲಿ ನಿಮ್ಮಂಥವರೂ ಒಬ್ರು ಇದಾರೆ. ಅವರು ಏನಂದ್ರು ಅಂತ ಕೇಳಿ, ಆಮೇಲೆ ಬೇಕಾದ್ರೆ ಬಯ್ಯಿರಿ."

ಅವನು ಹೋಗಲಿಲ್ಲ. ಅವಳು ಹೇಳಿದಳು: ದೊಡ್ಡ ಮಗ ಹೊಲದಿಂದ ಬಂದ, ವಾದ್ಯದ ಸದ್ದು ಕೇಳಿ ಹೊರಗೇ ನಿಂತ. ಇಷ್ಟು ವರ್ಷ ಆಳಿನ ಹಾಗೆ ಗೇಯ್ದೆ, ಸ್ನೇಹಿತರ ಜೊತೆ ಉಣ್ಣಲು ಒಂದು ಮೇಕೆಮರಿಯನ್ನೂ ನೀನು ಕೊಡಲಿಲ್ಲ ಎಂದು ಅಪ್ಪನಿಗೆ ಅಂದ.

ಅವನು ಹಿಟ್ಟು ಮೆತ್ತಿದ ಗೋಡೆಯ ಕಡೆ ನೋಡುತ್ತಿದ್ದ. "ಅವನು ಯೋಳಿದ್ದು ಸರಿಯಾಗೇ ಅದೆ," ಎಂದ. "ಅಪ್ಪ ಏನಂದ?"

"ನನ್ನದೆಲ್ಲ ನಿನ್ನದೇ ಮಗ, ನೀನು ಯಾವಾಗಲೂ ನನ್ನ ಜೊತೇಲೇ ಇದ್ದೀಯಲ್ಲ ಅಂದ."

ಅವನು ಬೈಕು ಹತ್ತಿ ಹೋದ. ಅವತ್ತು ನಾವು ಮಧ್ಯಾಹ್ನಕ್ಕೇ ಮಿಲ್ಲು ಮುಚ್ಚಿದೆವು. ಇನ್ನು ಇದೆಲ್ಲ ಬೇಡ ಎಂದು ನಾನು ಹೇಳಿದೆ. ಅವಳು ತಕ್ಕಡಿ ಒರೆಸಿ ಒಳಗಿಟ್ಟಳು.

ಸ್ಟೇಷನ್ನಿಗೆ ಯಾರೂ ಹೋಗಲಿಲ್ಲ. ಮಳೆಗಾಲದಲ್ಲಿ ಕಿರಿಯವನು ಕಾಮಾಲೆ ಹಿಡಿದು ಊರಿಗೆ ಬಂದ. ಮಾರಿದ ಗದ್ದೆಯ ಮಾತು ಎತ್ತದಿದ್ದರೆ ಇರಲಿ ಎಂದು ಅಣ್ಣ ಅಜ್ಜಿಯ ಕೈಲಿ ಹೇಳಿ ಕಳಿಸಿದನಂತೆ. ಈಗ ಕಿರಿಯವನು ಅಣ್ಣನ ಕಬ್ಬಿಗೆ ನೀರು ಹಾಯಿಸುತ್ತಾನೆ. ಇಬ್ಬರಿಗೂ ನೇರ ಮಾತು ಕಡಿಮೆ, ಅಜ್ಜಿಯ ಮೂಲಕವೇ ಹೆಚ್ಚು. ಅಜ್ಜಿ ಯೇಸುವನ್ನು ನಂಬಲಿಲ್ಲ. ಕ್ರಿಸ್‌ಮಸ್‌ಗೆ ನಮ್ಮ ಮನೆಗೆ ಬಂದು ಕೇಕು ತಿಂದು, ಹಸು ಕರೆಯಬೇಕು ಎಂದು ಎದ್ದಳು. ಆಮೇಲೆ ಬಂದ ಊರಹಬ್ಬಕ್ಕೆ ಎಂದಿನಂತೆ ಊರಮ್ಮನಿಗೆ ತಂಬಿಟ್ಟಿನ ಆರತಿ ಹೊತ್ತಳು. ನನ್ನ ಹೆಂಡತಿ ಬೇರೇನೋ ನಿರೀಕ್ಷಿಸಿದ್ದಳು ಎಂದು ಕಾಣುತ್ತದೆ. ನಾನು ಕೇಳಲಿಲ್ಲ.

ಈಗ ಅವರ ಮನೆಯ ರಾಗಿಯನ್ನು ದೊಡ್ಡವನೇ ತರುತ್ತಾನೆ. ಮೊನ್ನೆ ಕರೆಂಟು ಹೋದಾಗ ನನ್ನ ಹೆಂಡತಿ ಅವನಿಗೆ ಯೇಸು ಹೇಳಿದ ಬೀಜ ಬಿತ್ತುವವನ ಕತೆ ಹೇಳುತ್ತಿದ್ದಳು. ಕೆಲವು ಕಾಳು ದಾರಿಯ ಮೇಲೆ ಬಿದ್ದವು ಅನ್ನುತ್ತಲೇ ಅವನು ಕೈ ಅಡ್ಡ ಹಿಡಿದ.

"ಬಿತ್ತೋನು ಯಾರು? ಹಾದಿ ಯಾವ್ದು, ಹೊಲ ಯಾವ್ದು ಅಂತ ಗೊತ್ತಿಲ್ವಾ ಅವನ್ಗೆ?"

ಅವಳು ನಕ್ಕಳು. "ಕೂತ್ಕಳಿ ಅಣ್ಣ," ಎಂದು ಖಾಲಿ ಚೀಲವೊಂದನ್ನು ಕಟ್ಟೆಯ ಮೇಲೆ ಹಾಸಿದಳು.